ಗಿಟಾರಿನ ಮೇಲಿರುವ ಹೆಸರೇ ಜಾಹೀರಾತಿನಲ್ಲೂ ಇರಲಿ: ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೊಂದು ಬಹಿರಂಗ ಪತ್ರ

ಇವರಿಗೆ,
ಮುಖ್ಯ ಆಯುಕ್ತರು,
ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ,
ನವದೆಹಲಿ.

ವಿಷಯ: ಬಳಸಿದ ಗಿಟಾರ್‌ಗಳ ಆನ್‌ಲೈನ್ ಜಾಹೀರಾತುಗಳಲ್ಲಿ ವಾದ್ಯದ ಮೇಲಿಲ್ಲದ ಕಂಪನಿಯ ಹೆಸರು ಹಾಕಿ ಮಾರುತ್ತಿರುವ ಬಗ್ಗೆ.

ಮಾನ್ಯರೇ,

ನಾನು ಮೈಸೂರಿನಲ್ಲಿ ಗಿಟಾರ್ ಕಲಿಸುವವನು, ರಿಪೇರಿಯನ್ನೂ ಮಾಡುವವನು. ಸವೆದ ಫ್ರೆಟ್‌ಗಳನ್ನು ಸಮ ಮಾಡುವುದು, ಬಾಗಿದ ನೆಕ್ ನೇರ ಮಾಡುವುದು, ಬಿಟ್ಟುಕೊಂಡ ಬ್ರಿಡ್ಜ್ ಅಂಟಿಸುವುದು ನನ್ನ ನಿತ್ಯದ ಕೆಲಸ. ಕಾಲೇಜು ವಿದ್ಯಾರ್ಥಿಗಳು, ಚರ್ಚಿನ ಗಾಯನ ತಂಡದವರು, ನಿವೃತ್ತರಾದ ಮೇಲೆ ಹಳೆಯ ಆಸೆ ತೀರಿಸಿಕೊಳ್ಳಲು ಬರುವ ಹಿರಿಯರು, ಹೀಗೆ ನನ್ನ ಬಳಿ ಬರುವವರಲ್ಲಿ ಹಲವರು ಮೊದಲ ಗಿಟಾರನ್ನು ಹೊಸದಾಗಿ ಕೊಳ್ಳುವುದಿಲ್ಲ. ಮೊಬೈಲಿನಲ್ಲಿ ಹಳೆಯ ವಸ್ತುಗಳ ಮಾರಾಟದ ತಾಣ ತೆರೆದು, ಹುಡುಕಿ, ಚೌಕಾಶಿ ಮಾಡಿ, ಯಾರದೋ ಮನೆ ಬಾಗಿಲಲ್ಲಿ ನಿಂತು ಯುಪಿಐ ಮಾಡಿ ತರುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಜೋಪಾನ ಮಾಡಿದರೆ ಮರದ ವಾದ್ಯ ದಶಕಗಟ್ಟಲೆ ಬಾಳುತ್ತದೆ. ಮೊದಲು ಬಳಸಿದ್ದನ್ನೇ ಕೊಳ್ಳಿ ಎಂದು ನಾನೇ ಸಲಹೆ ಕೊಡುತ್ತೇನೆ. ನನ್ನ ದೂರು ಇರುವುದು ಆ ಜಾಹೀರಾತುಗಳ ಶೀರ್ಷಿಕೆಯಲ್ಲಿ ಕಾಣುವ ಹೆಸರಿನ ಮೇಲೆ.

ತಮ್ಮ ಮೇಜಿಗೆ ಬರುವ ದೂರುಗಳ ನಡುವೆ ಇದು ಸಣ್ಣದಾಗಿ ಕಾಣಬಹುದು. ಕಳಪೆ ಪ್ರೆಶರ್ ಕುಕ್ಕರ್ ಸಿಡಿದರೆ ಜೀವಕ್ಕೇ ಅಪಾಯ. ಗಿಟಾರಿನ ಹೆಸರು ಸುಳ್ಳಾದರೆ ಹೋಗುವುದು ಹಣ ಮಾತ್ರ. ಆದರೆ ಆ ಹಣ ಯಾರದು ಎಂಬುದನ್ನೂ ನೋಡಬೇಕು. ಲಕ್ಷ ರೂಪಾಯಿಯ ವಾದ್ಯ ಕೊಳ್ಳುವವನಿಗೆ ಅಸಲಿ ನಕಲಿಯ ವ್ಯತ್ಯಾಸ ಗೊತ್ತಿರುತ್ತದೆ, ಗೊತ್ತಿಲ್ಲದಿದ್ದರೆ ಗೊತ್ತಿರುವ ಸ್ನೇಹಿತನನ್ನು ಕರೆದೊಯ್ಯುತ್ತಾನೆ. ಮೋಸ ಹೋಗುವವನು ರಜೆಯಲ್ಲಿ ಮನೆಮನೆಗೆ ಊಟ ತಲುಪಿಸಿ ಎಂಟು ಸಾವಿರ ಕೂಡಿಸಿದ ಹುಡುಗ. ಅವನಿಗೆ ಗಿಟಾರ್ ಲೋಕದಲ್ಲಿ ಗೊತ್ತಿರುವುದೇ ಮೂರು ನಾಲ್ಕು ಹೆಸರು. ಅವೇ ಹೆಸರುಗಳನ್ನು ಗಾಳಕ್ಕೆ ಸಿಕ್ಕಿಸಿ ನೀರಿಗೆ ಬಿಟ್ಟಿರುತ್ತಾರೆ.

ನಾನು ಕಂಡದ್ದನ್ನು ಹೇಳುತ್ತೇನೆ. ಎಲ್ಲಕ್ಕಿಂತ ಹೆಚ್ಚಾಗಿ ಬರುವುದು "ಫೆಂಡರ್ ಸ್ಟ್ರಾಟೊಕ್ಯಾಸ್ಟರ್" ಎಂಬ ಶೀರ್ಷಿಕೆ, ಅಮೆರಿಕದ ಫೆಂಡರ್ ಕಂಪನಿಯ ಹೆಸರಾಂತ ಎಲೆಕ್ಟ್ರಿಕ್ ಗಿಟಾರಿನದು. ಚೀಲದ ಜಿಪ್ ಎಳೆದರೆ ಒಳಗಿರುವುದು ಸ್ಕ್ವಯರ್. ಸ್ಕ್ವಯರ್ ಕೂಡ ಫೆಂಡರ್ ಕಂಪನಿಯದೇ ಬ್ರ್ಯಾಂಡ್ ನಿಜ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ತಂತಿ ತಯಾರಿಸುತ್ತಿದ್ದ ಆ ಹಳೆಯ ಸಂಸ್ಥೆಯನ್ನು ಫೆಂಡರ್ 1965ರಲ್ಲಿ ಕೊಂಡುಕೊಂಡಿತು. 1982ರಿಂದ ಕಡಿಮೆ ಬೆಲೆಯ ಗಿಟಾರ್‌ಗಳಿಗೆ ಆ ಹೆಸರನ್ನಿಟ್ಟಿತು. ಹೆಡ್‌ಸ್ಟಾಕಿನ ಮೇಲೆ, ಅಂದರೆ ತಂತಿ ಬಿಗಿಯುವ ಕಿವಿಗಳಿರುವ ತುದಿಯ ಮೇಲೆ, ಸ್ಕ್ವಯರ್ ಎಂದು ದೊಡ್ಡದಾಗಿಯೂ "ಬೈ ಫೆಂಡರ್" ಎಂದು ಸಣ್ಣದಾಗಿಯೂ ಇರುತ್ತದೆ. ಜಾಹೀರಾತಿನಲ್ಲಿ ದೊಡ್ಡದು ಮಾಯವಾಗಿ ಸಣ್ಣದು ಮಾತ್ರ ಉಳಿಯುತ್ತದೆ. ಕ್ಯಾಲಿಫೋರ್ನಿಯಾದ ಕರೋನಾ ಕಾರ್ಖಾನೆಯಲ್ಲಿ ತಯಾರಾದ ಫೆಂಡರ್‌ನ ಬೆಲೆ ಇಲ್ಲಿ ಲಕ್ಷ ದಾಟುತ್ತದೆ. ಆರಂಭದ ದರ್ಜೆಯ ಸ್ಕ್ವಯರ್ ಅದರ ಐದನೇ ಒಂದು ಪಾಲಿಗೂ ಕಡಿಮೆಗೆ ಸಿಗುತ್ತದೆ. ಒಂದೇ ಮನೆತನ ಎಂದು ಒಂದೇ ಬೆಲೆ ಕೇಳುವುದು ಯಾವ ನ್ಯಾಯ?

ಅಮೆರಿಕದ ಇನ್ನೊಂದು ದೊಡ್ಡ ಗಿಟಾರ್ ಕಂಪನಿ ಗಿಬ್ಸನ್ ಮತ್ತು ಎಪಿಫೋನ್ ಕಥೆಯೂ ಇದೇ. ಎಪಿಫೋನ್ ಒಂದು ಕಾಲಕ್ಕೆ ಗಿಬ್ಸನ್‌ಗೆ ಸರಿಸಮನಾಗಿ ನಿಂತಿದ್ದ ನ್ಯೂಯಾರ್ಕಿನ ಕಂಪನಿ. 1957ರಲ್ಲಿ ಅದು ಗಿಬ್ಸನ್ ಕೈ ಸೇರಿತು. ಇಂದು ಎಪಿಫೋನ್ ಹೆಸರಿನಲ್ಲಿ ಬರುವ, ಗಿಬ್ಸನ್‌ನ ಪ್ರಸಿದ್ಧ ಲೆಸ್ ಪಾಲ್ ಮಾದರಿಯ ಗಿಟಾರ್‌ಗಳು ಹೆಚ್ಚಾಗಿ ಏಷ್ಯಾದ ಕಾರ್ಖಾನೆಗಳಲ್ಲಿ ತಯಾರಾಗುತ್ತವೆ. ಎಪಿಫೋನ್ ಲೆಸ್ ಪಾಲ್ ನುಡಿಸಿದವರಿಗೆ ಗೊತ್ತು, ಅದು ಕೊಟ್ಟ ಹಣಕ್ಕೆ ಮೋಸ ಮಾಡದ ವಾದ್ಯ. "ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ" ಎಂಬ ಗಾದೆಯೂ ಇಲ್ಲಿ ಸಲ್ಲುವುದಿಲ್ಲ. ಮನೆಯಲ್ಲಿ ಮಜ್ಜಿಗೆ ಚೆನ್ನಾಗಿಯೇ ಇದೆ, ಅದನ್ನು ಮಜ್ಜಿಗೆ ಎಂದು ಹೇಳಿ ಮಾರಲು ಯಾರೂ ಸಿದ್ಧರಿಲ್ಲ.

ಇನ್ನು ಗಿವ್ಸನ್. ಇದು ಕೋಲ್ಕತ್ತಾದ ಹೆಸರು, ಅಗ್ಗದ ಗಿಟಾರ್‌ಗಳಿಗೆ ದೇಶದ ತುಂಬ ಪ್ರಸಿದ್ಧ. ನಮ್ಮ ಊರುಗಳಲ್ಲಿ ಎಷ್ಟೋ ಜನ ಮೊದಲ ಸ್ವರ ಕಲಿತದ್ದು ಇಂತಹ ದೇಶಿ ಗಿಟಾರ್‌ಗಳ ಮೇಲೆಯೇ. ಆ ಕಂಪನಿ ತನ್ನ ಹೆಸರನ್ನು ತಾನೇ ವಾದ್ಯದ ಮೇಲೆ ಬರೆದುಕೊಂಡಿದೆ, ನನಗೆ ಅದರ ಮೇಲೆ ತಕರಾರಿಲ್ಲ. ತಕರಾರು ಅದನ್ನು ಮರುಮಾರಾಟ ಮಾಡುವಾಗ ಒಂದು ಅಕ್ಷರ ತಿದ್ದುವವರ ಮೇಲೆ. ಶೀರ್ಷಿಕೆಯಲ್ಲಿ ಗಿಬ್ಸನ್, ಫೋಟೋದಲ್ಲಿ ಆ ಅಕ್ಷರ ಇರುವ ಜಾಗಕ್ಕೆ ಸರಿಯಾಗಿ ಟ್ಯೂಬ್‌ಲೈಟಿನ ಬೆಳಕು ಬಿದ್ದು ಬಿಳಿಚಿಕೊಂಡಿರುತ್ತದೆ. ನಂಜನಗೂಡಿನಿಂದ ಬರುತ್ತಿದ್ದ ವಿದ್ಯಾರ್ಥಿಯೊಬ್ಬ ಇಂತಹದೊಂದನ್ನು ಹೊಸ ಗಿವ್ಸನ್‌ನ ಬೆಲೆಗಿಂತ ಹೆಚ್ಚು ಕೊಟ್ಟು ತಂದಿದ್ದ. "ಗಿಬ್ಸನ್ ಇಷ್ಟು ಕಡಿಮೆಗೆ ಸಿಕ್ಕಿತು ಸರ್" ಎಂದು ಸಂತೋಷದಿಂದಲೇ ಹೇಳಿದ. ಮಾರಿದವನಿಗೆ ಫೋನ್ ಮಾಡಿದಾಗ ಬಂದ ಉತ್ತರ: "ಟೈಪಿಂಗ್ ಮಿಸ್ಟೇಕ್."

ಟೈಪಿಂಗ್ ಮಿಸ್ಟೇಕ್ ಎನ್ನಲೂ ಬಾರದ ಜಾಹೀರಾತುಗಳಿವೆ. ಹಾಕಿರುವ ತಂತಿಗಳು ಮಾರ್ಟಿನ್ ಕಂಪನಿಯವು ಎಂಬ ಕಾರಣಕ್ಕೆ ಇಡೀ ಗಿಟಾರನ್ನೇ ಮಾರ್ಟಿನ್ ಎಂದು ಕರೆಯುತ್ತಾರೆ. ಕೆಲವು ನೂರು ರೂಪಾಯಿಯ ತಂತಿ, ಹೆಸರು ಮಾತ್ರ ಲಕ್ಷದ್ದು. ಎಲೆಕ್ಟ್ರಿಕ್ ಗಿಟಾರ್‌ಗಳ ಬ್ರಿಡ್ಜಿನ (ತಂತಿಗಳನ್ನು ಹಿಡಿದಿಡುವ ಭಾಗದ) ಮೇಲೆ "ಲೈಸೆನ್ಸ್ಡ್ ಅಂಡರ್ ಫ್ಲಾಯ್ಡ್ ರೋಸ್ ಪೇಟೆಂಟ್ಸ್" ಎಂದು ಅಚ್ಚೊತ್ತಿರುವುದುಂಟು. ಫ್ಲಾಯ್ಡ್ ರೋಸ್ ಎಂಬುದು ಹೆಸರಾಂತ ಬ್ರಿಡ್ಜ್. ಬೇರೆ ಯಾರೋ ಪರವಾನಗಿ ಪಡೆದು ತಯಾರಿಸಿದ ಭಾಗವದು ಎಂದು ಅದರ ಮೈಮೇಲೆಯೇ ಬರೆದಿದ್ದರೂ ಜಾಹೀರಾತಿನಲ್ಲಿ ಅದು "ಒರಿಜಿನಲ್ ಫ್ಲಾಯ್ಡ್ ರೋಸ್". ಒಂದೇ ಶೀರ್ಷಿಕೆಯಲ್ಲಿ ಯಮಾಹಾ, ಫೆಂಡರ್, ಐಬನೀಜ್, ಟೇಲರ್ ನಾಲ್ಕೂ ಹೆಸರುಗಳನ್ನು ತುರುಕಿ, ಕೊನೆಯಲ್ಲಿ "ಟೈಪ್" ಎಂದು ಸೇರಿಸಿದವರೂ ಇದ್ದಾರೆ. ಹುಡುಕುವವನು ಯಾವ ಹೆಸರು ಬರೆದರೂ ಬಲೆಗೆ ಬೀಳಲಿ ಎಂಬ ಲೆಕ್ಕ. ಮರದ ವಿಷಯದಲ್ಲೂ ಹೀಗೆಯೇ. ನಮ್ಮ ಪಶ್ಚಿಮ ಘಟ್ಟದ ಬೀಟೆ (ರೋಸ್‌ವುಡ್) ಮರವನ್ನು ಜಗತ್ತಿನ ದೊಡ್ಡ ಗಿಟಾರ್ ಕಂಪನಿಗಳು ಅರ್ಧ ಶತಮಾನದಿಂದ ತರಿಸಿಕೊಳ್ಳುತ್ತಿವೆ. ಮಾರ್ಟಿನ್ ಕಂಪನಿ 1969ರ ಹೊತ್ತಿಗೆ ಬ್ರೆಜಿಲಿನ ಬೀಟೆ ಬಿಟ್ಟು ಭಾರತದ್ದಕ್ಕೆ ಬದಲಾಯಿತು. ಆ ಮರದ ತವರಿನಲ್ಲೇ ಕಪ್ಪು ಬಣ್ಣ ಬಳಿದ ಪ್ಲೈವುಡ್ಡನ್ನು ರೋಸ್‌ವುಡ್ ಎಂದು ಮಾರುತ್ತಾರೆ. ಅದು ಬೇರೆಯೇ ಪತ್ರಕ್ಕೆ ವಿಷಯ, ಇಲ್ಲಿಗೆ ಬಿಡುತ್ತೇನೆ.

ಕೊನೆಯದು ಶುದ್ಧ ನಕಲಿ. ಹೆಡ್‌ಸ್ಟಾಕಿನ ಮೇಲಿದ್ದ ಹೆಸರನ್ನು ಉಜ್ಜಿ ತೆಗೆದು ಗಿಬ್ಸನ್ ಸ್ಟಿಕ್ಕರ್ ಅಂಟಿಸಿ ಅದರ ಮೇಲೆ ವಾರ್ನಿಷ್ ಹೊಡೆದಿರುತ್ತಾರೆ, ಇಲ್ಲವೇ ಕಾರ್ಖಾನೆಯಿಂದಲೇ ನಕಲಿಯಾಗಿ ಬಂದಿರುತ್ತದೆ. ನೋಡುವ ಕಣ್ಣಿಗೆ ಗುರುತುಗಳಿವೆ. ಅಸಲಿ ಗಿಬ್ಸನ್‌ನ ಹೆಡ್‌ಸ್ಟಾಕಿನಲ್ಲಿ ಟ್ರಸ್ ರಾಡ್ (ನೆಕ್ ಬಾಗದಂತೆ ಅದರೊಳಗೆ ಇಡುವ ಸರಳು) ಮುಚ್ಚುವ ಗಂಟೆಯಾಕಾರದ ಪುಟ್ಟ ಮುಚ್ಚಳಕ್ಕೆ ಸಾಮಾನ್ಯವಾಗಿ ಎರಡು ಸ್ಕ್ರೂ ಇರುತ್ತವೆ, ನಕಲಿಗಳಲ್ಲಿ ಅನೇಕ ಸಲ ಮೂರು. 1977ರಲ್ಲಿ ಗಿಬ್ಸನ್ ಎಂಟು ಅಂಕಿಗಳ ಕ್ರಮಸಂಖ್ಯೆ ಆರಂಭಿಸಿತು. ಅದರ ಮೊದಲನೆಯ ಮತ್ತು ಐದನೆಯ ಅಂಕಿ ಸೇರಿ ವರ್ಷ, ನಡುವಿನ ಮೂರು ಅಂಕಿ ಆ ವರ್ಷದ ಎಷ್ಟನೆಯ ದಿನ ಎಂಬುದು. ನನ್ನ ಮೇಜಿಗೆ ಬಂದ ಎಂಟಂಕಿಯ ಒಂದು "ಗಿಬ್ಸನ್" ತನ್ನ ಸಂಖ್ಯೆಯ ಪ್ರಕಾರ ವರ್ಷದ 587ನೆಯ ದಿನ ತಯಾರಾಗಿತ್ತು. ಕೊಂಡವರು ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಅಂಕಿಗಳ ಜೊತೆಯೇ ದಿನ ಕಳೆಯುವವರು. ಗಿಟಾರಿನ ಹಿಂಬದಿಯಲ್ಲಿ ಸಂಖ್ಯೆ ಇದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ, ಜಾಹೀರಾತಿನಲ್ಲಿ ಆ ಫೋಟೋ ಇರಲಿಲ್ಲ.

ಇದನ್ನೆಲ್ಲ ಓದಿ ತಮಗೆ ಒಂದು ಪ್ರಶ್ನೆ ಬರಬಹುದು: ಹೆಸರಿಗೇಕೆ ಇಷ್ಟು ಮಹತ್ವ, ಆಕಾರ ನೋಡಿದರೆ ಗೊತ್ತಾಗುವುದಿಲ್ಲವೇ? ಗೊತ್ತಾಗುವುದಿಲ್ಲ. ಸ್ಟ್ರಾಟೊಕ್ಯಾಸ್ಟರ್‌ನ ಎರಡು ಕೊಂಬಿನ ಆಕಾರ ಅಮೆರಿಕದ ಟ್ರೇಡ್‌ಮಾರ್ಕ್ ಲೆಕ್ಕದಲ್ಲಿ ಯಾರೊಬ್ಬರ ಸ್ವತ್ತೂ ಅಲ್ಲ. ತನ್ನ ಪ್ರಸಿದ್ಧ ಗಿಟಾರ್‌ಗಳ ದೇಹದ ಆಕಾರವನ್ನು ಟ್ರೇಡ್‌ಮಾರ್ಕ್ ಎಂದು ನೋಂದಾಯಿಸಲು ಫೆಂಡರ್ ಅಮೆರಿಕದಲ್ಲಿ ಅರ್ಜಿ ಹಾಕಿತ್ತು. ಬೇರೆ ತಯಾರಕರು ಆಕ್ಷೇಪ ಎತ್ತಿದರು, 2009ರಲ್ಲಿ ಅಲ್ಲಿನ ಟ್ರೇಡ್‌ಮಾರ್ಕ್ ಮಂಡಳಿ ನೋಂದಣಿ ನಿರಾಕರಿಸಿತು. ದಶಕಗಳಿಂದ ಎಲ್ಲರೂ ಆ ಆಕಾರ ಬಳಸುತ್ತಿರುವಾಗ ಅದು ಯಾರು ತಯಾರಿಸಿದರು ಎಂಬುದನ್ನು ಹೇಳುವ ಗುರುತಾಗಿ ಉಳಿದಿಲ್ಲ ಎಂಬುದು ಆ ತೀರ್ಪಿನ ತಿರುಳು. ಆಕಾರ ಎಲ್ಲರದೂ ಆದ ಮೇಲೆ ಒಂದು ಗಿಟಾರಿನಿಂದ ಇನ್ನೊಂದನ್ನು ಬೇರ್ಪಡಿಸಲು ಸಾಮಾನ್ಯ ಗ್ರಾಹಕನಿಗೆ ಉಳಿಯುವುದು ಹೆಡ್‌ಸ್ಟಾಕಿನ ಮೇಲಿನ ಹೆಸರೊಂದೇ. ಅದನ್ನೇ ಸುಳ್ಳು ಮಾಡಿದರೆ ಅವನ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಹೆಸರಿನ ಜೊತೆ ಆಟವಾಡುವುದು ಎಷ್ಟು ಹಳೆಯದು ಎಂಬುದಕ್ಕೆ "ಲಾಸೂಟ್ ಗಿಟಾರ್", ಅಂದರೆ ದಾವೆಯ ಗಿಟಾರ್, ಒಂದು ಉದಾಹರಣೆ. 1970ರ ದಶಕದ ಯಾವ ಜಪಾನಿ ಗಿಟಾರ್ ಮಾರಾಟಕ್ಕೆ ಬಂದರೂ ಈ ಪದ ಅಂಟಿಸಿ ಬೆಲೆ ಏರಿಸುತ್ತಾರೆ. ನಡೆದದ್ದು ಇಷ್ಟೇ: 1977ರಲ್ಲಿ ಗಿಬ್ಸನ್‌ನ ಮಾತೃಸಂಸ್ಥೆ ನಾರ್ಲಿನ್, ಜಪಾನಿನ ಐಬನೀಜ್ ಗಿಟಾರ್‌ಗಳನ್ನು ಅಮೆರಿಕದಲ್ಲಿ ವಿತರಿಸುತ್ತಿದ್ದ ಎಲ್ಗರ್ ಕಂಪನಿಯ ಮೇಲೆ ಹೆಡ್‌ಸ್ಟಾಕಿನ ಆಕಾರಕ್ಕಾಗಿ ದಾವೆ ಹೂಡಿತು, ಮರುವರ್ಷ ಅದು ರಾಜಿಯಲ್ಲಿ ಮುಗಿಯಿತು. ಐಬನೀಜ್ ಅಷ್ಟರಲ್ಲಾಗಲೇ ಹೆಡ್‌ಸ್ಟಾಕ್ ಬದಲಿಸತೊಡಗಿತ್ತು. ಆ ದಾವೆಗೆ ಸಂಬಂಧವೇ ಇಲ್ಲದ ಹತ್ತಾರು ಹೆಸರುಗಳ ಗಿಟಾರ್‌ಗಳು ಈಗಲೂ ಅದರ ಹೆಸರಿನಲ್ಲಿ ಮಾರಾಟವಾಗುತ್ತಿವೆ. ಯಾರೂ ಕೇಳದಿದ್ದರೆ ಒಂದು ಸುಳ್ಳು ಅರ್ಧ ಶತಮಾನ ಆರಾಮವಾಗಿ ಬದುಕುತ್ತದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಮಾರುವವರೆಲ್ಲ ಕಳ್ಳರು ಎಂದು ನಾನು ಹೇಳುತ್ತಿಲ್ಲ. ಹಾಸ್ಟೆಲ್ ಬಿಟ್ಟು ಹೋದ ಮಗನ ಗಿಟಾರ್ ಮಾರುವ ತಾಯಿಗೆ ಸ್ಕ್ವಯರ್ ಯಾವುದು, ಫೆಂಡರ್ ಯಾವುದು ಎಂದು ತಿಳಿದಿರಬೇಕಾಗಿಲ್ಲ. ಆದರೆ ಆ ತಾಯಿಯ ಕೈಯಲ್ಲಿ ಸುಳ್ಳು ಬರೆಸುವುದು ಜಾಹೀರಾತು ತಾಣವೇ. ನಾನು ನೋಡಿದ ಒಂದು ತಾಣದಲ್ಲಿ ಬ್ರ್ಯಾಂಡ್ ಆಯ್ಕೆ ಮಾಡದೆ ಮುಂದೆ ಹೋಗಲು ಬಿಡುವುದಿಲ್ಲ. ಪಟ್ಟಿಯಲ್ಲಿರುವುದು ವಿದೇಶಿ ದೊಡ್ಡ ಹೆಸರುಗಳು; ನಮ್ಮಲ್ಲಿ ಹೆಚ್ಚಾಗಿ ಮಾರಾಟವಾಗುವ ದೇಶಿ ಹೆಸರುಗಳು ಅಲ್ಲಿಲ್ಲ. ಎಲ್ಲಕ್ಕಿಂತ ಕೆಳಗೆ "ಇತರೆ" ಎಂದಿದೆ. ಅದನ್ನು ಒತ್ತಿದರೆ ಆ ಜಾಹೀರಾತು ಯಾರ ಹುಡುಕಾಟಕ್ಕೂ ಸಿಗದಷ್ಟು ಹಿಂದೆ ಸರಿಯುತ್ತದೆ. ಇನ್ನೊಂದು ತಾಣದಲ್ಲಿ ಫೋಟೋ ಹಾಕಿದ ಕೂಡಲೇ ಆಕಾರ ನೋಡಿ ಶೀರ್ಷಿಕೆಯನ್ನು ತಾನೇ ಸೂಚಿಸುತ್ತದೆ. ಎರಡು ಕೊಂಬು ಕಂಡರೆ ಸಾಕು, ಫೆಂಡರ್. ಸಾಮಾನ್ಯ ಮನುಷ್ಯ ಯಂತ್ರಕ್ಕೆ ನನಗಿಂತ ಹೆಚ್ಚು ಗೊತ್ತು ಎಂದುಕೊಂಡು "ಸರಿ" ಒತ್ತುತ್ತಾನೆ. ಅದಾದ ಮೇಲೆ ಗ್ರಾಹಕ ದೂರು ಕೊಟ್ಟರೆ ತಾಣ ಹೇಳುವುದು, "ಮಾಹಿತಿ ಹಾಕಿದವರು ಬಳಕೆದಾರರು, ನಾವು ಕೇವಲ ವೇದಿಕೆ." ಪಟ್ಟಿ ಮಾಡಿದವರು ನೀವು, ಶೀರ್ಷಿಕೆ ಸೂಚಿಸಿದವರು ನೀವು, ಯಾವ ಹೆಸರು ಮೇಲೆ ಬರಬೇಕೆಂದು ತೀರ್ಮಾನಿಸಿದವರು ನೀವು, ಸುಳ್ಳಿನ ಹೊಣೆ ಮಾತ್ರ ಆ ತಾಯಿಯದೇ?

ಉದ್ದೇಶಪೂರ್ವಕವಾಗಿ ಮಾಡುವವರನ್ನು ಗುರುತಿಸುವುದೂ ಕಷ್ಟವಲ್ಲ. ಬೇರೆ ಬೇರೆ ಹೆಸರಿನ ಖಾತೆಗಳಿಂದ ಬರುವ "ಮಗ ವಿದೇಶಕ್ಕೆ ಹೋಗುತ್ತಿದ್ದಾನೆ, ತುರ್ತು ಮಾರಾಟ" ಎಂಬ ಜಾಹೀರಾತುಗಳಲ್ಲಿ ಎಲ್ಲ ಗಿಟಾರ್‌ಗಳೂ ಅದೇ ನೀಲಿ ಹೂವಿನ ಬೆಡ್‌ಶೀಟಿನ ಮೇಲೆ ಮಲಗಿರುತ್ತವೆ. ಆ ಮನೆಯಿಂದ ಅಷ್ಟೊಂದು ಮಕ್ಕಳು ವಿದೇಶಕ್ಕೆ ಹೋಗಿದ್ದರೆ ಅಭಿನಂದಿಸಬೇಕು. ಫೋಟೋಗಳಲ್ಲಿ ಗಿಟಾರಿನ ಮುಂಭಾಗ, ಹಿಂಭಾಗ, ಚೀಲ, ಬೆಲ್ಟು, ಪಿಕ್ ಇಡುವ ಡಬ್ಬಿ ಎಲ್ಲ ಇರುತ್ತವೆ. ಹೆಡ್‌ಸ್ಟಾಕ್ ಮಾತ್ರ ನಟ್‌ನ (ನೆಕ್‌ನ ತುದಿಯಲ್ಲಿ ತಂತಿಗಳು ಹಾಯುವ ಪಟ್ಟಿಯ) ಬಳಿ ಕತ್ತರಿಸಿ ಹೋಗಿರುತ್ತದೆ. ಹೆಡ್‌ಸ್ಟಾಕಿನ ಫೋಟೋ ಕಳಿಸಿ ಎಂದು ಕೇಳಿದರೆ "ಬಂದು ನೋಡಿ" ಎನ್ನುತ್ತಾರೆ. ಹುಣಸೂರಿನಿಂದ, ಚಾಮರಾಜನಗರದಿಂದ ಬಸ್ ಹತ್ತಿ ಬಂದವನು ಬರಿಗೈಯಲ್ಲಿ ಹಿಂದಿರುಗಲು ಮನಸ್ಸಾಗದೆ, ಸ್ವಲ್ಪ ಕಡಿಮೆ ಮಾಡಿಸಿಕೊಂಡು ಒಯ್ಯುತ್ತಾನೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ದೂರು ಕೊಡಲು ಹೊರಟರೆ ಏನಾಗುತ್ತದೆ ಎಂಬುದನ್ನೂ ತಾವು ತಿಳಿಯಬೇಕು. ನನ್ನ ವಿದ್ಯಾರ್ಥಿಯೊಬ್ಬಳು ಇಂತಹ ಜಾಹೀರಾತಿನ ಕೆಳಗಿದ್ದ ದೂರಿನ ಗುಂಡಿ ಒತ್ತಿದಾಗ ನಾನು ಪಕ್ಕದಲ್ಲೇ ಇದ್ದೆ. ಅಶ್ಲೀಲ ಚಿತ್ರ, ನಿಷೇಧಿತ ವಸ್ತು, ಈಗಾಗಲೇ ಮಾರಾಟವಾಗಿದೆ, ವಂಚನೆ ಎಂಬ ಆಯ್ಕೆಗಳಿದ್ದವು. ಹೆಸರು ತಪ್ಪಾಗಿದೆ ಎಂದು ಹೇಳಲು ಜಾಗವಿರಲಿಲ್ಲ. ವಂಚನೆ ಎಂದು ಒತ್ತಿದಳು. ಬಂದದ್ದು ಯಂತ್ರದ ಉತ್ತರ: ಹಣ ಕೊಡುವ ಮೊದಲು ವಸ್ತುವನ್ನು ಖುದ್ದಾಗಿ ಪರೀಕ್ಷಿಸಿ. ಆಮೇಲೆ ಮಾರಿದವನೇ ಜಾಹೀರಾತು ಅಳಿಸಿದ. ಅದರ ಜೊತೆಗೆ ಅವರಿಬ್ಬರ ನಡುವಿನ ಸಂಭಾಷಣೆಯೂ ಅವಳ ಫೋನಿನಿಂದ ಮಾಯವಾಯಿತು. ಗ್ರಾಹಕರ ಆಯೋಗದ ಮುಂದೆ ಇಡಲು ಅವಳ ಬಳಿ ಉಳಿದದ್ದು ಹಣ ಹೋದ ಯುಪಿಐ ಸಂದೇಶ ಒಂದೇ. ಅದರಲ್ಲಿ ಫೆಂಡರ್ ಎಂಬ ಹೆಸರು ಎಲ್ಲಿಯೂ ಇಲ್ಲ.

ಕಾನೂನು ಏನು ಹೇಳುತ್ತದೆ ಎಂಬುದನ್ನು ತಮಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೂ ಪತ್ರ ಬಹಿರಂಗವಾದ್ದರಿಂದ ಓದುವ ಉಳಿದವರಿಗಾಗಿ ಬರೆಯುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ವಸ್ತುವನ್ನು ಸುಳ್ಳಾಗಿ ವರ್ಣಿಸುವ ಜಾಹೀರಾತು ದಾರಿ ತಪ್ಪಿಸುವ ಜಾಹೀರಾತು. ವಸ್ತು ಇಂತಹ ಗುಣಮಟ್ಟದ್ದು, ಇಂತಹ ದರ್ಜೆಯದು, ಇಂತಹ ಮಾದರಿಯದು ಎಂದು ಸುಳ್ಳು ಹೇಳುವುದು ಅನುಚಿತ ವ್ಯಾಪಾರ ಪದ್ಧತಿ. ಹಳೆಯದನ್ನು ಹೊಸದೆಂದು ಮಾರುವುದನ್ನೂ ಕಾಯ್ದೆ ಹೆಸರಿಸಿ ನಿಷೇಧಿಸಿದೆ. 2020ರ ಇ-ವಾಣಿಜ್ಯ ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿವೆ: ವಸ್ತುವಿನ ವಿವರಣೆ ಮತ್ತು ಚಿತ್ರ ವಸ್ತುವಿಗೆ ನಿಜವಾಗಿ ಹೊಂದುವಂತಿರಬೇಕೆಂದು ಮಾರುಕಟ್ಟೆ ತಾಣಗಳು ಮಾರಾಟಗಾರರಿಂದ ಮುಚ್ಚಳಿಕೆ ಪಡೆಯಬೇಕು; ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಇನ್ನೊಬ್ಬರ ಟ್ರೇಡ್‌ಮಾರ್ಕನ್ನು ಸುಳ್ಳಾಗಿ ವಸ್ತುವಿಗೆ ಅಂಟಿಸಿದರೆ 1999ರ ಟ್ರೇಡ್‌ಮಾರ್ಕ್ ಕಾಯ್ದೆಯಡಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಕಾಗದದ ಮೇಲೆ ಎಲ್ಲವೂ ಇದೆ.

ಆದರೆ ಅದೇ ಇ-ವಾಣಿಜ್ಯ ನಿಯಮಗಳಲ್ಲಿ ಒಂದು ಕಿಂಡಿಯೂ ಇದೆ. ವೃತ್ತಿಯಾಗಿ ಅಥವಾ ವ್ಯಾಪಾರವಾಗಿ ನಿಯಮಿತವಾಗಿ ನಡೆಸದೆ, ವ್ಯಕ್ತಿಯೊಬ್ಬ ತನ್ನ ವೈಯಕ್ತಿಕ ನೆಲೆಯಲ್ಲಿ ಮಾಡುವ ವ್ಯವಹಾರಕ್ಕೆ ಅವು ಅನ್ವಯಿಸುವುದಿಲ್ಲ. ಇದು ನ್ಯಾಯವೇ. ಮನೆಯ ಹಳೆಯ ಗಿಟಾರ್ ಮಾರುವವರ ತಲೆಯ ಮೇಲೆ ಅಂಗಡಿಯವರ ಕಾನೂನು ಹೇರಬಾರದು. ಆದರೆ ನೀಲಿ ಹೂವಿನ ಬೆಡ್‌ಶೀಟಿನ ವ್ಯಾಪಾರಿ ಕೂಡ ಇದೇ ಕಿಂಡಿಯಲ್ಲಿ ನುಸುಳುತ್ತಾನೆ. ತಾಣಗಳೂ ಅದರ ನೆರಳಿನಲ್ಲೇ ನಿಲ್ಲುತ್ತವೆ: ನಮ್ಮಲ್ಲಿ ಮಾರುವವರೆಲ್ಲ ಖಾಸಗಿ ವ್ಯಕ್ತಿಗಳು, ಹಾಗಾಗಿ ನಮಗೂ ಜವಾಬ್ದಾರಿ ಇಲ್ಲ ಎಂಬ ವಾದ. ತಿಂಗಳು ತಿಂಗಳೂ ಹೊಸ ಹೊಸ ಗಿಟಾರ್ ಮಾರುವವನು ಖಾಸಗಿ ವ್ಯಕ್ತಿಯೋ ವ್ಯಾಪಾರಿಯೋ ಎಂಬುದು ತಾಣದ ಲೆಕ್ಕಕ್ಕೆ ಗೊತ್ತಿರುತ್ತದೆ. ಜಾಹೀರಾತು ಮೇಲೆ ಬರಲು ಅವನಿಂದ ಹಣ ಪಡೆಯುವಾಗ ಅವನು ಗ್ರಾಹಕ, ದೂರು ಬಂದಾಗ ಅಪರಿಚಿತ.

"ಕೊಳ್ಳುವವನು ನೋಡಿಕೊಂಡು ಕೊಳ್ಳಬೇಕಪ್ಪ" ಎಂದು ನನ್ನ ವೃತ್ತಿಯ ಹಿರಿಯರೇ ಹೇಳುವುದನ್ನು ಕೇಳಿದ್ದೇನೆ. ಸಂತೆಯಲ್ಲಿ ಆ ಮಾತು ಸರಿ. ಅಲ್ಲಿ ವಸ್ತು ಕಣ್ಣ ಮುಂದಿರುತ್ತದೆ, ಸುತ್ತ ನಾಲ್ಕು ಜನರಿರುತ್ತಾರೆ, ಮುಂದಿನ ವಾರ ಅದೇ ಜಾಗದಲ್ಲಿ ಅದೇ ವ್ಯಾಪಾರಿ ಕೂತಿರುತ್ತಾನೆ. ಮೊಬೈಲಿನಲ್ಲಿ ಹುಡುಕುವವನಿಗೆ ಹೆಸರೇ ಬಾಗಿಲು. ಫೆಂಡರ್ ಎಂದು ಹುಡುಕಿ, ಫೆಂಡರ್ ಎಂದು ಬಂದದ್ದನ್ನು, ಉಳಿದ "ಫೆಂಡರ್"ಗಳ ಬೆಲೆಯ ಜೊತೆ ಹೋಲಿಸಿ ತೀರ್ಮಾನ ಮಾಡುತ್ತಾನೆ. ಆ ಹೋಲಿಕೆಯೇ ಕೆಟ್ಟುಹೋಗಿದೆ. ಅದರ ಪೆಟ್ಟು ಪ್ರಾಮಾಣಿಕರಿಗೂ ಬೀಳುತ್ತಿದೆ: ಮೆಕ್ಸಿಕೋದ ಎನ್ಸೆನಾಡಾ ಕಾರ್ಖಾನೆಯಲ್ಲಿ ತಯಾರಾದ ನಿಜವಾದ ಫೆಂಡರನ್ನು ಮಾರಲು ಹೊರಟ ನನ್ನ ಪರಿಚಯದವರೊಬ್ಬರಿಗೆ "ಹದಿನೈದು ಸಾವಿರಕ್ಕೆ ಫೆಂಡರ್ ಸಿಗುತ್ತಿರುವಾಗ ನಿಮ್ಮದಕ್ಕೇಕೆ ಇಷ್ಟು" ಎಂದು ಕೇಳಿದವರೇ ಹೆಚ್ಚು. ತನ್ನ ಸ್ಕ್ವಯರನ್ನು ಸ್ಕ್ವಯರ್ ಎಂದೇ ಬರೆದ ಹುಡುಗನ ಜಾಹೀರಾತು ಮೂರನೆಯ ಪುಟದಲ್ಲಿ ಕೊಳೆಯುತ್ತದೆ. ಸತ್ಯ ಬರೆದವನಿಗೆ ಶಿಕ್ಷೆ ಕೊಡುವ ವ್ಯವಸ್ಥೆಯಲ್ಲಿ ಮುಂದಿನ ಸಲ ಅವನೂ ಫೆಂಡರ್ ಎಂದೇ ಬರೆಯುತ್ತಾನೆ.

ತಾವು ಮನಸ್ಸು ಮಾಡಿದರೆ ಏನಾಗಬಹುದು ಎಂಬುದನ್ನು ದೇಶ ನೋಡಿದೆ. 2023ರಲ್ಲಿ ಕಾರಿನ ಸೀಟ್ ಬೆಲ್ಟ್ ಎಚ್ಚರಿಕೆಯ ಸದ್ದು ನಿಲ್ಲಿಸುವ ಕ್ಲಿಪ್‌ಗಳ ವಿರುದ್ಧ ತಾವು ಆದೇಶ ಮಾಡಿದಾಗ ಇ-ವಾಣಿಜ್ಯ ತಾಣಗಳಿಂದ 13,118 ಜಾಹೀರಾತುಗಳು ಕೆಳಗಿಳಿದವು. ಅದೇ ವರ್ಷ ನವೆಂಬರಿನಲ್ಲಿ ಗ್ರಾಹಕರನ್ನು ಬಲೆಗೆ ಬೀಳಿಸುವ ವಿನ್ಯಾಸಗಳ ಬಗ್ಗೆ ತಾವು ಹೊರಡಿಸಿದ ಮಾರ್ಗಸೂಚಿಯಲ್ಲಿ, ಒಂದನ್ನು ತೋರಿಸಿ ಇನ್ನೊಂದನ್ನು ಕೊಡುವ ತಂತ್ರವೂ ಸೇರಿದೆ. ಸಾವಿರಾರು ಜಾಹೀರಾತುಗಳನ್ನು ಹುಡುಕಿ ತೆಗೆಯುವ ಶಕ್ತಿ ತಾಣಗಳಿಗಿದೆ ಎಂದಾಯಿತು. ಕೇಳುವವರು ಬೇಕು.

ಹಾಗಾಗಿ ತಮ್ಮಲ್ಲಿ ಕೇಳಿಕೊಳ್ಳುತ್ತೇನೆ. ಮೊದಲನೆಯದು ಮತ್ತು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಸಂಗೀತ ವಾದ್ಯಗಳ ವಿಭಾಗದಲ್ಲಿ ಬ್ರ್ಯಾಂಡ್ ಎಂಬ ಜಾಗದಲ್ಲಿ ವಾದ್ಯದ ಮೇಲೆ ಬರೆದಿರುವ ಹೆಸರನ್ನೇ ಬರೆಯಬೇಕು, ಹೆಡ್‌ಸ್ಟಾಕಿನ ಮುಂದಿನ ಮತ್ತು ಹಿಂದಿನ ಫೋಟೋ ಇಲ್ಲದೆ ಜಾಹೀರಾತು ಪ್ರಕಟವಾಗಬಾರದು ಎಂದು ತಾಣಗಳಿಗೆ ಸೂಚನೆ ಕೊಡಿ. ಅಕೂಸ್ಟಿಕ್ ಗಿಟಾರಾದರೆ ಸೌಂಡ್ ಹೋಲಿನ ಒಳಗಿನ ಚೀಟಿಯ ಫೋಟೋ ಕೂಡ ಇರಲಿ. ಹೆಸರು ಗೊತ್ತಿಲ್ಲದವರಿಗೆ "ಗೊತ್ತಿಲ್ಲ" ಎಂದು ಹೇಳುವ ಅವಕಾಶವಿರಲಿ, ಹಾಗೆ ಹೇಳಿದ್ದಕ್ಕೆ ಜಾಹೀರಾತನ್ನು ಹಿಂದಕ್ಕೆ ತಳ್ಳದಿರಲಿ. ಲೆಸ್ ಪಾಲ್ ಆಕಾರದ್ದು, ಸ್ಟ್ರಾಟ್ ಶೈಲಿಯದು ಎಂದು ವಿವರಣೆಯಲ್ಲಿ ಬರೆಯುವುದಕ್ಕೆ ನನ್ನ ಆಕ್ಷೇಪವಿಲ್ಲ, ಕೊಳ್ಳುವವನಿಗೆ ಅದು ಉಪಯುಕ್ತ ಮಾಹಿತಿ. ಶೀರ್ಷಿಕೆಗೆ ಮತ್ತು ಹುಡುಕಾಟಕ್ಕೆ ಅದು ಬರಬಾರದು. ತಾಣದ ಯಂತ್ರವೇ ಹೆಸರು ಸೂಚಿಸಿದ್ದರೆ ಆ ತಪ್ಪಿಗೆ ತಾಣವೇ ಹೊಣೆ ಎಂಬುದನ್ನೂ ಸ್ಪಷ್ಟಪಡಿಸಿ.

ದೂರಿನ ಗುಂಡಿಯಲ್ಲಿ "ಬ್ರ್ಯಾಂಡ್ ಹೆಸರು ತಪ್ಪಾಗಿದೆ" ಎಂಬ ಆಯ್ಕೆ ಸೇರಲಿ, ಅದನ್ನು ಮನುಷ್ಯರು ಓದಲಿ. ಮಾರಾಟವಾದ ಮೇಲೂ ಜಾಹೀರಾತಿನ ಪ್ರತಿ ಮತ್ತು ಸಂಭಾಷಣೆ ಕೊಂಡವರ ಖಾತೆಯಲ್ಲಿ ಕನಿಷ್ಠ ಎರಡು ವರ್ಷ ಉಳಿಯಲಿ. ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಕಾಯ್ದೆ ಕೊಟ್ಟಿರುವ ಅವಧಿಯೂ ಎರಡು ವರ್ಷವೇ. ಸಾಕ್ಷಿಯನ್ನು ಅಳಿಸುವ ಗುಂಡಿ ಆರೋಪಿಯ ಕೈಯಲ್ಲಿರುವುದು ಯಾವ ಕಾನೂನಿಗೂ ಒಪ್ಪುವ ಮಾತಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವವರಿಗೆ, ಬಳಸಿದ ವಸ್ತುವಿನ ದೂರು ಕೂಡ ದೂರೇ ಎಂಬ ಉತ್ತರ ಸಿಗುವಂತಾಗಲಿ.

ಈ ಪತ್ರದ ಜೊತೆ ನಾನು ಸಂಗ್ರಹಿಸಿದ ಜಾಹೀರಾತುಗಳ ಚಿತ್ರಗಳನ್ನು, ಮಾರಿದವರ ಹೆಸರು ಮತ್ತು ಫೋನ್ ಸಂಖ್ಯೆ ಮುಚ್ಚಿ, ತಮ್ಮ ಕಚೇರಿಗೆ ಪ್ರತ್ಯೇಕವಾಗಿ ಕಳಿಸುತ್ತಿದ್ದೇನೆ. ಪ್ರತಿ ಚಿತ್ರದ ಪಕ್ಕದಲ್ಲಿ ಅದೇ ಗಿಟಾರಿನ ಹೆಡ್‌ಸ್ಟಾಕಿನ ಫೋಟೋ ಇದೆ, ನನ್ನ ಮೇಜಿನ ಮೇಲಿಟ್ಟು ತೆಗೆದದ್ದು. ಪರಿಶೀಲನೆಗೆ ತಮ್ಮ ಅಧಿಕಾರಿಗಳು ಕರೆದರೆ ದೆಹಲಿಗೆ ಬಂದು ಒಂದೊಂದನ್ನೂ ವಿವರಿಸಲು ಸಿದ್ಧನಿದ್ದೇನೆ.

ಒಂದು ಪ್ರಶ್ನೆಗೆ ಮಾತ್ರ ಲಿಖಿತ ಉತ್ತರ ಬೇಡುತ್ತೇನೆ: ಒಂದೇ ವ್ಯಕ್ತಿ ಒಂದು ವರ್ಷದಲ್ಲಿ ಎಷ್ಟು ಗಿಟಾರ್ ಮಾರಿದರೆ 2020ರ ನಿಯಮಗಳ ಲೆಕ್ಕದಲ್ಲಿ ಅವನು ವ್ಯಾಪಾರಿಯಾಗುತ್ತಾನೆ? ಆ ಸಂಖ್ಯೆಯನ್ನು ಪ್ರಾಧಿಕಾರ ಹೇಳಿದ ದಿನ, ಅದನ್ನು ಮೀರಿದ ಖಾತೆಗಳ ಪಟ್ಟಿ ಕೊಡಿ ಎಂದು ತಾಣಗಳನ್ನು ಕೇಳಬಹುದು.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಒಬ್ಬ ಗಿಟಾರ್ ಶಿಕ್ಷಕ,
ಮೈಸೂರು.